ನಮ್ಮ ಮನೆಯವರು ಹಿಡಿದ ಮೀನು

ನಮ್ಮ ಮನೆಯವರ ಮೊಬೈಲಿನಲ್ಲಿ ಒಂದು ಫೋಟೋ ಇದೆ. ಹಿಂದೆ ಸಮುದ್ರ, ಬದಿಯಲ್ಲಿ ಕರೀ ಬಂಡೆ, ನಡುವೆ ಅವರು. ಒಂದು ಬೆಳ್ಳಗಿನ ದಪ್ಪ ಮೀನನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿ ಹಿಡಿದು ನಗುತ್ತಿದ್ದಾರೆ. ಹೊಸ ಅಗ್ರಹಾರದಿಂದ ಪಿರಿಯಾಪಟ್ಟಣದ ತನಕ ನಮ್ಮ ನೆಂಟರಲ್ಲಿ ಆ ಫೋಟೋ ನೋಡದವರು ಯಾರೂ ಇಲ್ಲ. ಆ ಮೀನು ಹಿಡಿದವಳು ನಾನು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಹೇಳಲು ಹೋದಾಗಲೆಲ್ಲ ಯಾರಾದರೂ ನಡುವೆ ಬಾಯಿ ಹಾಕಿ ಮಾತನ್ನು ಬೇರೆ ಕಡೆಗೆ ಎಳೆದುಕೊಂಡು ಹೋಗಿದ್ದಾರೆ, ಈ ಸಲ ಹಾಗಾಗುವುದು ಬೇಡ.

ನನ್ನ ತವರು ಹನಗೋಡು. ಅಪ್ಪ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳಿಗೆ ಬೆಂಕಿ ಹಾಕುವ ಕೂಲಿ. ಆ ಕೆಲಸ ಇಲ್ಲದ ತಿಂಗಳುಗಳಲ್ಲಿ ಲಕ್ಷ್ಮಣತೀರ್ಥದ ದಡವೇ ಅವನ ಮನೆ. ಅವನ ಹಿಂದೆ ಬಾಲದ ಹಾಗೆ ನಾನು. ಅಪ್ಪನಿಗೆ ಕೋಲು ಗೀಲು ಬೇಕಿರಲಿಲ್ಲ. ಖಾಲಿ ಬಾಟಲಿಗೆ ತಂಗೂಸಿ ದಾರ ಸುತ್ತಿ, ತುದಿಗೆ ಗಾಳ, ಅದರ ಮೇಲೆ ಭಾರಕ್ಕೆ ಒಂದು ನಟ್ಟು. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಸುಮ್ಮನೆ ಕೂರುವುದು. ನನಗೆ ಓದು ಅಷ್ಟಕ್ಕಷ್ಟೆ ಹತ್ತಿತು, ಇದು ಮಾತ್ರ ಒಂದೇ ಬೇಸಿಗೆಯಲ್ಲಿ ಕೈಗೆ ಹತ್ತಿತು. ಮನೆಗೆ ಬಂದವರ ಮುಂದೆ ಅಪ್ಪ, ಇವತ್ತಿನ ಸಾರು ನನ್ನ ಮಗಳದು ಅಂತ ಹೇಳುತ್ತಿದ್ದ. ಆ ಮಾತು ಕೇಳಲಿಕ್ಕೆಂದೇ ನಾನು ಮಾರನೆಯ ದಿನ ಅವನಿಗಿಂತ ಮೊದಲೇ ಹೊಳೆಗೆ ಹೊರಟು ನಿಲ್ಲುತ್ತಿದ್ದೆ.

ಮದುವೆಯಾಗಿ ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರಕ್ಕೆ ಬಂದಮೇಲೆ ಗೊತ್ತಾಯಿತು, ಇಲ್ಲಿ ಗಾಳದ ಕೋಲು ಗಂಡಸರ ಸಾಮಾನು. ನೆಲದ ಮೇಲೆ ಇಟ್ಟ ಕೋಲನ್ನು ಹೆಂಗಸರು ದಾಟಿದರೆ ಅವತ್ತು ಮೀನು ಕಚ್ಚುವುದಿಲ್ಲವಂತೆ. ಹೊಸದರಲ್ಲಿ ಒಂದು ಸಲ ನಾಲೆಯ ಏರಿಯ ಮೇಲೆ ನಮ್ಮ ಮನೆಯವರಿಗೆ ಬುತ್ತಿ ಕೊಡಲು ಹೋದವಳು ಗೊತ್ತಿಲ್ಲದೆ ಕೋಲು ದಾಟಿಬಿಟ್ಟೆ. ಅವತ್ತು ಅವರಿಗೆ ಒಂದೂ ಸಿಗಲಿಲ್ಲ. ಅದರ ಹಿಂದಿನ ದಿನವೂ ಸಿಕ್ಕಿರಲಿಲ್ಲ, ಆದರೆ ಹಿಂದಿನ ದಿನಕ್ಕೆ ಕಾರಣ ಬಿಸಿಲು, ಆ ದಿನಕ್ಕೆ ಕಾರಣ ನಾನು. ಅತ್ತೆಯ ಬಾಯಿಂದ ಅದನ್ನು ವಾರಗಟ್ಟಲೆ ಕೇಳಿದೆ. ಆಮೇಲೆ ನಾನು ನೀರಿನ ಕಡೆಗೆ ಹೋಗಲಿಲ್ಲ. ಮನೆಯಲ್ಲೇ ಮಿಷನ್ನು ಹಾಕಿಕೊಂಡು ರವಿಕೆ ಹೊಲಿಯುವುದು ಶುರು ಮಾಡಿದೆ. ಅದರಲ್ಲೂ ಕೆಲಸ ದಾರದ್ದೇ.

ನಮ್ಮ ಮನೆಯವರು ಪಿಕಪ್ ಗಾಡಿ ಓಡಿಸುತ್ತಾರೆ. ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಿ ಪಿರಿಯಾಪಟ್ಟಣಕ್ಕೆ ಸೊಪ್ಪಿನ ಬೇಲು ಸಾಗಿಸುತ್ತಾರೆ, ಮಿಕ್ಕ ದಿನ ಶುಂಠಿ, ತರಕಾರಿ, ಏನು ಸಿಕ್ಕರೆ ಅದು. ಹೋದ ವರ್ಷ ಅವರಿಗೆ ಮೊಬೈಲಿನಲ್ಲಿ ಒಂದು ಹುಚ್ಚು ಹತ್ತಿಕೊಂಡಿತು. ಸಮುದ್ರದ ದಡದಲ್ಲಿ ನಿಂತು, ದೋಣಿಯಿಲ್ಲದೆ, ಕಡಿಮೆ ಖರ್ಚಿನಲ್ಲಿ ದೊಡ್ಡ ಮೀನು ಹಿಡಿಯುವ ವಿಡಿಯೋಗಳು. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ. ಕಡಿಮೆ ಖರ್ಚು ಎಂದು ಶುರುವಾದದ್ದು, ಕೊನೆಗೆ ಆನ್‌ಲೈನಿನಲ್ಲಿ ಒಂದು ಗಾಳದ ರಾಡು, ಅದಕ್ಕೆ ದಾರ ಸುತ್ತುವ ಒಂದು ರೀಲು, ನಿಜವಾದ ಮೀನಿಗಿಂತ ಚೆಂದದ ಬಣ್ಣ ಬಳಿದ ಒಂದು ಡಬ್ಬಿ ಪ್ಲಾಸ್ಟಿಕ್ ಮೀನು, ಎಲ್ಲ ಬಂದವು. ನನ್ನ ಮಿಷನ್ನಿನ ಬೆಲ್ಟು ಸವೆದು ಜಾರುತ್ತಿದೆ ಎಂದು ನಾನು ಹೇಳುತ್ತಲೇ ಇದ್ದೆ, ಅದು ಬರಲಿಲ್ಲ.

ಹರಾಜು ಮುಗಿದ ಮೇಲೆ ಪಿರಿಯಾಪಟ್ಟಣದ ಅವರ ಗೆಳೆಯರೊಬ್ಬರೂ ಅವರ ಹೆಂಡತಿಯೂ ನಾವಿಬ್ಬರೂ ಸೇರಿ ಸಮುದ್ರಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಹೆಂಗಸರು ಯಾಕೆ ಅಂದರೆ ಅಡುಗೆಗೆ. ಹೋಟೆಲಿನ ಖರ್ಚು ಉಳಿಯುತ್ತದಲ್ಲ. ನನಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಸೌದೆ ಹೊರಲು ಕರೆದಿದ್ದರೂ ಹೋಗುತ್ತಿದ್ದೆ. ನಲವತ್ತು ಹತ್ತಿರ ಬಂದರೂ ನಾನು ಸಮುದ್ರ ನೋಡಿರಲಿಲ್ಲ. ಹೊರಡುವ ಹಿಂದಿನ ಸಂಜೆ ಅಡುಗೆಯ ಸೊಪ್ಪಿನ ಚೀಲದ ಅಡಿಯಲ್ಲಿ, ಮಸಾಲೆ ಪುಡಿಯ ಡಬ್ಬಿಯ ಪಕ್ಕ, ಒಂದು ಬಾಟಲಿಗೆ ದಾರ ಸುತ್ತಿ ಇಟ್ಟುಕೊಂಡೆ. ನಟ್ಟು ಇವರ ಗಾಡಿಯ ಟೂಲ್ ಡಬ್ಬಿಯದು.

ಗಂಡಸರು ತೆಗೆದುಕೊಂಡ ಎರೆ ಯಾವುದು ಅಂದರೆ, ಸಗಣಿ ಗುಂಡಿಯಲ್ಲಿ ಅಗೆದ ಎರೆಹುಳ ಒಂದು ಟಿನ್ನು, ಕಲಸಿದ ರಾಗಿಹಿಟ್ಟು ಒಂದು ಉಂಡೆ. ಹೊಳೆಗೆ ಹೋಗುವವರು ಹೋಗುವುದೇ ಹಾಗೆ. ವಿಡಿಯೋದಲ್ಲಿ ಇದನ್ನೆಲ್ಲ ಹೇಳಿರಲಿಲ್ಲವೋ, ಇವರು ಆ ಭಾಗ ಬಿಟ್ಟು ಮೀನು ಎಳೆಯುವುದನ್ನಷ್ಟೇ ನೋಡಿದ್ದರೋ, ಗೊತ್ತಿಲ್ಲ.

ಕೋಳಿ ಕೂಗುವ ಮುಂಚೆ ಹೊರಟು, ವಿರಾಜಪೇಟೆ ದಾಟಿ, ಮಾಕುಟ್ಟದ ಕಾಡು ಇಳಿದು, ಬಿಸಿಲೇರುವಾಗ ಕೇರಳದ ಒಂದು ಅಳಿವೆಯ ಹತ್ತಿರ ಗಾಡಿ ನಿಲ್ಲಿಸಿದೆವು. ಒಂದು ಕಡೆಯಿಂದ ಹೊಳೆ ಬಂದು ಸಮುದ್ರಕ್ಕೆ ಸೇರುತ್ತಿತ್ತು. ಬಾಯಲ್ಲಿ ಬಂಡೆಗಳ ಸಾಲು, ಅದರ ಒಳಮಗ್ಗುಲಲ್ಲಿ ಮೊಳಕಾಲುದ್ದದ ತಿಳಿನೀರು. ನಮ್ಮ ಮನೆಯವರೂ ಗೆಳೆಯರೂ ರಾಡು ಎತ್ತಿಕೊಂಡು ಬಂಡೆಯ ಕಡೆಗೆ ಓಡಿದರು. ನಾವಿಬ್ಬರೂ ಗಾಳಿಮರದ ಕೆಳಗೆ ಸ್ಟವ್ ಇಳಿಸಿ ಅಕ್ಕಿ ತೊಳೆದೆವು.

ಅನ್ನ ಬೇಯುವಷ್ಟರಲ್ಲಿ ಗಂಡಸರ ಅರ್ಧ ಉತ್ಸಾಹ ಇಳಿದುಹೋಗಿತ್ತು. ಚೆಂದದ ಪ್ಲಾಸ್ಟಿಕ್ ಮೀನು ಮೊದಲನೇ ಎಸೆತಕ್ಕೇ ಬಂಡೆಯ ಸಂದಿಗೆ ಸಿಕ್ಕಿ ಹರಿದುಹೋಯಿತು. ರಾಗಿ ಉಂಡೆ ಅಲೆಗೆ ಕರಗಿತು. ಎರೆಹುಳ ಉಪ್ಪುನೀರಿಗೆ ಬಿದ್ದ ಗಳಿಗೆಯಲ್ಲೇ ಸತ್ತು ಬಿಳಿಚಿಕೊಂಡು ನೂಲಿನ ತುಂಡಿನಂತೆ ಜೋಲುತ್ತಿದ್ದವು. ಆದರೂ ಏನೋ ಪುಣ್ಯ, ಬೆರಳುದ್ದದ ಪುಟ್ಟ ಮೀನು ಒಂದಷ್ಟು ಬಿದ್ದಿದ್ದವು. ಅವನ್ನು ನಮ್ಮ ಹೊಳೆಯ ಕಡೆ ಮಾಡುವ ಹಾಗೆಯೇ ಕಿವಿರಿಗೆ ದಾರ ಪೋಣಿಸಿ, ದಾರದ ತುದಿಯನ್ನು ನೀರಂಚಿನಲ್ಲಿ ಒಂದು ಗೂಟ ನೆಟ್ಟು ಕಟ್ಟಿದರು. ಹಾಗೆ ಮಾಡಿದರೆ ಮನೆಗೆ ಹೋಗುವತನಕ ಮೀನು ಸಾಯದೆ ಇರುತ್ತದೆ. ಆಮೇಲೆ ಬಂದು ಊಟಕ್ಕೆ ಕೂತರು, ಊಟ ಮುಗಿಸಿ ಅಲ್ಲೇ ಒರಗಿದರು.

ನಮ್ಮ ಹೊಳೆ ಮಳೆ ಬಂದರೆ ಏರುತ್ತದೆ, ಇಲ್ಲದಿದ್ದರೆ ಇದ್ದಲ್ಲೇ ಇರುತ್ತದೆ. ಸಮುದ್ರ ಹಾಗಲ್ಲ, ಬಿಸಿಲಿನಲ್ಲೂ ಏರುತ್ತದೆ ಎಂಬುದು ನಮಗೆ ಯಾರಿಗೂ ತಲೆಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾನು ಪಾತ್ರೆ ತೊಳೆಯಲು ಇಳಿದಾಗ ಗೂಟ ಇದ್ದ ಜಾಗದಲ್ಲಿ ಸೊಂಟಮಟ್ಟ ನೀರು. ಗೂಟವೂ ಇಲ್ಲ, ದಾರವೂ ಇಲ್ಲ, ಮೀನೂ ಇಲ್ಲ.

ಅವರನ್ನು ಎಬ್ಬಿಸಿ ಹೇಳಬಹುದಿತ್ತು, ಹೇಳಲಿಲ್ಲ. ನಿದ್ದೆ ಮಾಡಲಿ ಎಂದುಕೊಂಡೆ. ಪಾತ್ರೆ ಅಲ್ಲೇ ಬಿಟ್ಟು ನನ್ನ ಬಾಟಲಿ ತೆಗೆದುಕೊಂಡು ಬಂಡೆಯ ಒಳಮಗ್ಗುಲಿಗೆ ನಡೆದೆ. ಅಲೆ ಹಿಂದೆ ಸರಿಯುವಾಗ ಒದ್ದೆ ಮರಳಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿರುವುದನ್ನು ಬೆಳಗಿನಿಂದ ನೋಡಿದ್ದೆ. ಗದ್ದೆ ಬದುವಿನಲ್ಲಿ ಏಡಿ ಹಿಡಿದು ಬೆಳೆದವಳಿಗೆ ಗುಳ್ಳೆ ಕಂಡರೆ ಕಾಲು ಸುಮ್ಮನಿರುವುದಿಲ್ಲ. ಹೆಬ್ಬೆರಳಿನಿಂದ ಕೆದಕಿದೆ. ಹುಣಸೆ ಬೀಜದಷ್ಟು ಗಾತ್ರದ, ಕೊಂಡಿಯೇ ಇಲ್ಲದ ಒಂದು ಏಡಿ ಮೇಲೆ ಬಂದು, ಮತ್ತೆ ಮರಳಿಗೆ ಹಿಂಬದಿಯಿಂದ ಇಳಿಯತೊಡಗಿತು. ಇಲ್ಲಿನ ಮೀನು ತಿನ್ನುವುದು ಇದನ್ನೇ ಇರಬೇಕು, ಸಗಣಿ ಗುಂಡಿಯ ಹುಳವನ್ನಲ್ಲ ಎಂದು ಅನ್ನಿಸಿತು. ನಾಲ್ಕಾರು ಹಿಡಿದು ಸೆರಗಿನ ತುದಿಗೆ ಗಂಟು ಹಾಕಿದೆ.

ಬಂಡೆಯ ನೆರಳು ನೀರಿಗೆ ಬೀಳುವ ಕಡೆ ದಡದ ಮಗ್ಗುಲಿಗೇ ಮೊಳಕಾಲುದ್ದ ನೀರಲ್ಲಿ ನಿಂತು, ಏಡಿಯನ್ನು ಹೊಟ್ಟೆಯ ಕಡೆಯಿಂದ ಗಾಳಕ್ಕೆ ಸಿಕ್ಕಿಸಿ ಬಿಟ್ಟೆ. ದಾರ ಬೆರಳಿನ ಮೇಲೆ ಬಂತು. ಇಷ್ಟು ವರ್ಷ ಎಲ್ಲಿಗೆ ಹೋಗಿದ್ದೆ ನಾನು ಅನ್ನಿಸಿ ಕಣ್ಣು ತುಂಬಿತು, ಅದನ್ನು ಇಲ್ಲಿ ಬರೆಯಲು ನಾಚಿಕೆಯೇನೂ ಇಲ್ಲ. ಮೊದಲು ಟಕ್ ಟಕ್ ಎಂದು ಕುಟುಕಿತು. ಅದಕ್ಕೆ ಎಳೆಯಬಾರದು. ಇನ್ನೂ ಎರಡು ಗೇಣು ದಾರ ಬಿಟ್ಟೆ. ಆಮೇಲೆ ದಾರ ಸುಮ್ಮನಾಯಿತು, ಸುಮ್ಮನಾಗಿದ್ದು ಮೆಲ್ಲಗೆ ಪಕ್ಕಕ್ಕೆ ನಡೆಯತೊಡಗಿತು. ಆಗ ಮಣಿಕಟ್ಟು ತಿರುವಿ ಎಳೆದೆ.

ಅಬ್ಬಾ, ಹೊಳೆಯ ಮೀನಿಗೆ ಆ ಶಕ್ತಿ ಎಲ್ಲಿಂದ ಬರಬೇಕು. ದಾರ ತೋರುಬೆರಳನ್ನು ಕೊಯ್ದುಕೊಂಡು ಹೋಯಿತು. ಬಂಡೆಯ ಸಂದಿಗೆ ನುಗ್ಗಲು ನೋಡಿದಾಗಲೆಲ್ಲ ನಾನು ಮರಳಿನ ಕಡೆಗೆ ನಡೆದೆ, ನಡೆಯುತ್ತಾ ಅದನ್ನೂ ನಡೆಸಿಕೊಂಡು ಬಂದೆ. ಒಂದು ಅಲೆ ಬಂದು ಸೊಂಟದ ತನಕ ನೆನೆಸಿತು, ಇನ್ನೊಂದು ಬಂದು ಕೆಡವಿತು. ದಾರ ಬಿಡಲಿಲ್ಲ. ಕೊನೆಗೆ ಅಲೆಯ ಜೊತೆಯಲ್ಲೇ ಮೀನು ಮರಳಿಗೆ ಬಂದು ಬಿತ್ತು. ಮೊಳದುದ್ದ, ಬೆಳ್ಳಿ ಮೈ, ಬೆನ್ನಿನ ಮೇಲೆ ಗರಗಸದ ಹಾಗೆ ಮುಳ್ಳು, ಬಾಯಲ್ಲಿ ಹಲ್ಲು. ಅಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಒಬ್ಬ ಮುದುಕ ಅದಕ್ಕೇನೋ ಹೆಸರು ಹೇಳಿ ತಲೆಯಾಡಿಸಿದ. ಮಲಯಾಳ, ನನ್ನ ನಾಲಿಗೆಗೆ ಹತ್ತಲಿಲ್ಲ.

ಗೆಳೆಯರ ಹೆಂಡತಿ ಕೂಗಿಕೊಂಡು ಓಡಿ ಬಂದಳು. ಅವಳು ಮೊದಲಿನಿಂದ ಕೊನೆಯ ತನಕ ನೋಡಿದ್ದಳು. ಆ ಸದ್ದಿಗೆ ಗಂಡಸರು ಎದ್ದು ಬಂದರು. ಗೂಟದ ಸಮಾಚಾರ ಅವರಿಗೆ ಆಗ ಗೊತ್ತಾಯಿತು. ನಮ್ಮ ಮನೆಯವರ ಮುಖ ಸಣ್ಣದಾಯಿತು. ಅಷ್ಟೊತ್ತಿಗಾಗಲೇ ಅವರು ಊರಿನವರಿಗೆಲ್ಲ ಸಮುದ್ರದ ಮೀನು ತರುತ್ತೇನೆ ಎಂದು ಸ್ಟೇಟಸ್ ಹಾಕಿದ್ದರು. ಮೀನಿನ ಬಾಯಿಂದ ಗಾಳ ಬಿಡಿಸಲು ಮುಂದೆ ಬಂದವರು ಮುಳ್ಳು ನೋಡಿ ಕೈ ಹಿಂದೆ ತೆಗೆದರು. ಸೆರಗು ಸುತ್ತಿ ನಾನೇ ಬಿಡಿಸಿದೆ.

ಗೆಳೆಯರ ಹೆಂಡತಿ ಮೊಬೈಲು ಎತ್ತಿಕೊಂಡು, ನಿಂತುಕೋ ಅಕ್ಕ, ಒಂದು ಫೋಟೋ ಹೊಡೆಯುತ್ತೇನೆ ಎಂದಳು. ನಾನು ಮೀನು ಎತ್ತಿಕೊಂಡು ನಿಂತೆ. ನಮ್ಮ ಮನೆಯವರು ನಡುವೆ ಬಂದರು.

"ಕೊಡಿಲ್ಲಿ. ಸೀರೆಯೆಲ್ಲ ಒದ್ದೆ ಮಾಡ್ಕಂಡಿದ್ದೀಯ, ಇಂಗೇ ಫೋಟೋಗೆ ನಿಂತ್ಕತೀಯಾ?"

ಸೀರೆ ಮೈಗೆ ಅಂಟಿಕೊಂಡಿದ್ದು ನಿಜ. ಅವರ ಗೆಳೆಯರು ಎದುರಿಗೇ ಇದ್ದರು. ನನಗೆ ತಟ್ಟನೆ ನಾಚಿಕೆಯಾಗಿ, ಕೊಟ್ಟುಬಿಟ್ಟೆ. ಮೀನು ಅಷ್ಟೊತ್ತಿಗೆ ಒದ್ದಾಡುವುದನ್ನು ನಿಲ್ಲಿಸಿತ್ತು, ಆದ್ದರಿಂದ ಅವರೂ ಧೈರ್ಯವಾಗಿ ಹಿಡಿದುಕೊಂಡರು. ಫೋಟೋ ಆಯಿತು. ನಾನು ಗಾಡಿಯ ಮರೆಗೆ ಹೋಗಿ ಸೀರೆ ಹಿಂಡಿಕೊಂಡು ಬರುವುದರೊಳಗೆ ಅದು ಊರು ಮುಟ್ಟಿತ್ತು.

ಗೆಳೆಯರನ್ನೂ ಅವರ ಹೆಂಡತಿಯನ್ನೂ ಪಿರಿಯಾಪಟ್ಟಣದಲ್ಲಿ ಇಳಿಸಿದ ಮೇಲೆ ಕೇಳಿದೆ. ಹಿಡಿದವಳು ನಾನು ಅಂತ ಫೋಟೋದ ಕೆಳಗೆ ಒಂದು ಸಾಲು ಹಾಕಿ ಎಂದೆ. ಅಷ್ಟೇ ಕೇಳಿದ್ದು.

"ಯಾರ್ ಹಿಡುದ್ರೇನೇ, ಒಂದೇ ಮನೆ ಅಲ್ವಾ?"

"ಒಂದೇ ಮನೆ ಅಂದ್ಮೇಲೆ ನನ್ನೆಸ್ರು ಹಾಕಿ."

"ಎಂಗಸ್ರು ಹಿಡುದ್ರು ಅಂದ್ರೆ ಯಾರ್ ನಂಬ್ತಾರೆ? ನಗ್ತಾರೆ ಕಣೆ, ಸುಮ್ನಿರು."

ಬೆರಳಿನ ಗಾಯ ಮಾಯುವ ತನಕ ಗುಂಡಿ ಕಾಜ ಮಾಡಲು ಆಗಲಿಲ್ಲ. ಹೊಲಿಯಲು ಕೊಟ್ಟವರು ಏನಾಯಿತು ಎಂದು ಕೇಳಿದಾಗ ಮೀನು ಎಳೆಯುವಾಗ ಎಂದರೆ, ಮೀನು ಕೊಯ್ಯುವಾಗ ಎಂದುಕೊಂಡು ಹುಷಾರಾಗಿರು ಎನ್ನುತ್ತಿದ್ದರು. ಅತ್ತೆಗೆ ಹೇಳಿದೆ, ಅವರು ನಕ್ಕರು. ಕೋಲು ದಾಟಿ ಮೀನು ಓಡಿಸಿದ ಸೊಸೆಯನ್ನು ವರ್ಷಗಟ್ಟಲೆ ನಂಬಿದವರು ಮೀನು ಹಿಡಿದ ಸೊಸೆಯನ್ನು ಒಂದು ಗಳಿಗೆಯೂ ನಂಬಲಿಲ್ಲ. ಗೆಳೆಯರ ಹೆಂಡತಿಗೆ ಫೋನು ಮಾಡಿ, ನೀನಾದರೂ ಹೇಳಮ್ಮ ಎಂದೆ. ಬಿಡಕ್ಕ, ಗಂಡಸರ ವಿಷಯ, ಸುಮ್ಮನೆ ಮನಸ್ತಾಪ ಯಾಕೆ ಎಂದಳು.

ಇತ್ತ ನಮ್ಮ ಮನೆಯವರ ಬಾಯಲ್ಲಿ ಮೀನು ಬೆಳೆಯುತ್ತಾ ಹೋಯಿತು. ಗ್ಯಾರೇಜಿನಲ್ಲಿ ಹೇಳುವಾಗ ಒಂದು ಅಳತೆ, ಮದುವೆ ಮನೆಯಲ್ಲಿ ಇನ್ನೊಂದು ಅಳತೆ. ಮೊದಮೊದಲು ನಾನಿರುವಾಗ ಹೇಳಲು ಸ್ವಲ್ಪ ಮುಜುಗರ ಪಡುತ್ತಿದ್ದರು. ಆಮೇಲೆ ಅದೂ ಹೋಯಿತು. ಒಂದು ದಿನ ನನಗೇ, ನಾನೊಬ್ಬಳೇ ಇರುವಾಗ, ಅವತ್ತು ಎಳೆದ ಎಳೆತಕ್ಕೆ ಭುಜ ಇನ್ನೂ ನೋಯುತ್ತಿದೆ ಕಣೆ ಎಂದರು. ನಾನು ಮುಖ ನೋಡಿದೆ. ತಮಾಷೆಯಲ್ಲ. ಸುಳ್ಳು ಹೇಳುವ ಗಂಡನ ಜೊತೆ ಜಗಳವಾದರೂ ಆಡಬಹುದು. ಇವರು ಸುಳ್ಳು ಹೇಳುತ್ತಿರಲಿಲ್ಲ, ನಂಬಿಕೊಂಡುಬಿಟ್ಟಿದ್ದರು. ಎಣ್ಣೆ ತಂದು ಭುಜಕ್ಕೆ ತಿಕ್ಕು ಎಂದರು. ಅಡುಗೆಮನೆಗೆ ಎದ್ದು ಹೋದೆ, ಎಣ್ಣೆ ತರಲಿಲ್ಲ.

ಊರು ನಂಬದಿದ್ದರೆ ಬೇಡ, ಅಪ್ಪನಿಗೊಬ್ಬನಿಗೆ ಗೊತ್ತಾದರೆ ಸಾಕು ಎಂದು ನನ್ನ ಮನಸ್ಸು ಹಟ ಹಿಡಿದಿತ್ತು. ಫೋನಿನಲ್ಲಿ ಹೇಳಲು ನೋಡಿದ್ದೆ. ಅಪ್ಪನ ಕಡೆ ಫೋನು ಯಾವಾಗಲೂ ಸ್ಪೀಕರಿನಲ್ಲಿ, ಜಗುಲಿಯ ತುಂಬ ಜನ. ಅಳಿಯಂದಿರು ಒಳ್ಳೆ ಮೀನು ಹಿಡಿದಿದ್ದಾರೆ ಎಂದು ಅವನೇ ಮೊದಲು ಹೇಳಿದ. ಹೂಂ ಎಂದು ಫೋನು ಇಟ್ಟೆ. ಎದುರುಬದುರು ಕೂತು ಹೇಳಿದರೆ ಅಪ್ಪ ಒಂದೇ ಮಾತಿಗೆ ತಿಳಿದುಕೊಳ್ಳುತ್ತಾನೆ ಎಂದು ನಂಬಿದ್ದೆ.

ಆಷಾಢ ಕಳೆದ ಮೇಲೆ ಒಂದು ಭಾನುವಾರ ಇಬ್ಬರೂ ಹನಗೋಡಿಗೆ ಹೋದೆವು. ಅವ್ವ ನಾಟಿಕೋಳಿ ಸಾರು, ಮುದ್ದೆ ಮಾಡಿದ್ದಳು. ನಮ್ಮ ಮನೆಯವರೂ ಅಪ್ಪನೂ ಪಕ್ಕಪಕ್ಕ ಊಟಕ್ಕೆ ಕೂತರು, ನಾನು ಬಡಿಸಲು ನಿಂತೆ. ಅಪ್ಪ ಎರಡು ತುತ್ತು ನುಂಗಿ ಕೇಳಿದ, ಉಪ್ಪುನೀರಿನಲ್ಲಿ ಎರೆಹುಳ ನಿಲ್ಲುವುದಿಲ್ಲವಂತೆ, ಹಾಗಿದ್ದರೆ ನೀವು ಹಿಡಿದದ್ದು ಹೇಗೆ ಎಂದು. ಹೊಳೆಯ ಮನುಷ್ಯ, ಅವನಿಗೆ ಬೇಕಾದದ್ದು ಫೋಟೋ ಅಲ್ಲ.

ನಮ್ಮ ಮನೆಯವರು ಶುರು ಮಾಡಿದರು. ಹುಳ ಸತ್ತದ್ದು, ಹಿಟ್ಟು ಕರಗಿದ್ದು, ನೀರು ಏರಿದ್ದು, ಎಲ್ಲ ಸರಿಯಾಗಿಯೇ ಹೇಳಿದರು. ಗಾಳಕ್ಕೆ ಏನು ಸಿಕ್ಕಿಸಿದ್ದು ಎಂಬಲ್ಲಿಗೆ ಬಂದಾಗ ನೆನಪು ಕೈಕೊಟ್ಟಿತು. ತುತ್ತು ಕೈಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಏನೇ ಅದು, ಗಾಳಕ್ಕೆ ನಾನು ಸಿಕ್ಕುಸ್ದೆನಲ್ಲ?"

"ಮರಳಲ್ಲಿರೋ ಏಡಿ" ಎಂದುಬಿಟ್ಟೆ. ಕೇಳಿದ್ದಕ್ಕೆ ಉತ್ತರ ಕೊಡುವ ಚಟ. ಆ ಮಾತು ಬಾಯಿಂದ ಬಿದ್ದ ಮೇಲೆ ನನ್ನ ಮೇಲೇ ನನಗೆ ಎಷ್ಟು ಸಿಟ್ಟು ಬಂತೆಂದರೆ, ಸಾರಿನ ಪಾತ್ರೆಯನ್ನು ಕೆಳಗಿಟ್ಟೆ.

"ಸಿಕ್ಕಿಸಿದ್ದು ಇವ್ರಲ್ಲ ಕಣಪ್ಪ, ನಾನು. ಹಿಡ್ದಿದ್ದೂ ನಾನೇ. ಇವ್ರು ಮಲಗಿದ್ರು."

ಅಷ್ಟಕ್ಕೇ ನಿಲ್ಲಿಸಲಿಲ್ಲ. ಏಡಿಯನ್ನು ಹೊಟ್ಟೆಯ ಕಡೆಯಿಂದ ಸಿಕ್ಕಿಸಿದ್ದು, ಬಂಡೆಯ ನೆರಳಿಗೆ ಬಿಟ್ಟದ್ದು, ಕುಟುಕಿದಾಗ ಎಳೆಯದೆ ದಾರ ಬಿಟ್ಟದ್ದು, ದಾರ ಪಕ್ಕಕ್ಕೆ ನಡೆದ ಮೇಲೆ ಮಣಿಕಟ್ಟು ತಿರುವಿದ್ದು, ಸಂದಿಗೆ ನುಗ್ಗಲು ಬಿಡದೆ ಮರಳಿಗೆ ನಡೆಸಿಕೊಂಡು ಬಂದದ್ದು, ಒಂದೊಂದನ್ನೂ ಅಪ್ಪನ ಮುಖ ನೋಡಿಕೊಂಡೇ ಹೇಳಿದೆ. ದಾರ ಪಕ್ಕಕ್ಕೆ ನಡೆಯಿತು ಎಂದಾಗ ಅಪ್ಪನ ಬಲಗೈಯ ತೋರುಬೆರಳು ತಟ್ಟೆಯ ಅಂಚಿನಲ್ಲಿ ತಾನಾಗಿ ಮೇಲೆದ್ದಿತು. ನಾನದನ್ನು ಕಂಡೆ. ಅಪ್ಪನಿಗೆ ಗೊತ್ತಾಯಿತು. ಅವನು ಕಲಿಸಿದ ಕೈ ಅವನಿಗೆ ಗೊತ್ತಾಗದೆ ಇರುತ್ತದೆಯೇ?

ನಮ್ಮ ಮನೆಯವರು ತಲೆ ಎತ್ತಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತ್ತು, ಕಿವಿ ಕೆಂಪಾಗಿದ್ದವು. ಬಾಗಿಲಲ್ಲಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪ ಒಮ್ಮೆ ಅಳಿಯನನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ಕಣ್ಣನ್ನು ತಟ್ಟೆಗೆ ಇಳಿಸಿಕೊಂಡ.

"ಅಳಿಯಂದ್ರು ಮಾಡಿದ್ನ ಚೆನ್ನಾಗಿ ನೋಡ್ಕಂಡಿದ್ದೀಯ ಕಣವ್ವ" ಎಂದ. ಮುದ್ದೆ ಮುರಿಯುತ್ತಾ, "ಅವ್ರ ತಟ್ಟೆ ಖಾಲಿ ಅದೆ ನೋಡು, ಇನ್ನೊಂದೆರಡು ತುಂಡು ಇಕ್ಕು" ಎಂದ.

ನಮ್ಮ ಮನೆಯವರು ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದರು. ಆ ಕೈ ಸರಿಸಿ ಇಕ್ಕಿದೆ. ಅಪ್ಪನಿಗೂ ಇಕ್ಕಿದೆ.